ನೀರು ಹೋಯಿತು, ಉಪ್ಪು ಉಳಿಯಿತು



ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಇದೆ. ನಿಜ. ಸಾರಿಗೆ ಉಪ್ಪು ಹಾಕಲು ಮರೆತರೆ ಮನೆಯವರೆಲ್ಲ ಕೇಳುತ್ತಾರೆ. ಉಪ್ಪು ಜಾಸ್ತಿಯಾದರೂ ಕೇಳುತ್ತಾರೆ. ಆದರೆ ನಾವು ಕೈಯಾರೆ ಹಾಕದ ಉಪ್ಪೂ ನಮ್ಮ ಹೊಟ್ಟೆ ಸೇರುತ್ತದೆ. ಅದರ ಲೆಕ್ಕ ಯಾರೂ ಕೇಳುವುದಿಲ್ಲ. ಒಣಬಾಡು, ಒಣಮೀನು, ಪ್ಯಾಕೆಟ್ಟಿನ ಮಾಂಸ, ಇವುಗಳಲ್ಲಿ ಇರುವ ಉಪ್ಪು ಅಂಥದ್ದು.

ಬಾಡಿಗೆ ಉಪ್ಪು ಯಾಕೆ?

ಯುಗಾದಿಯ ಮಾರನೆಯ ದಿನ ಹೊಸತೊಡಕು. ಊರಿನಲ್ಲಿ ಗುಡ್ಡೆ ಮಾಂಸ ಹಾಕುತ್ತಾರೆ. ಎಲ್ಲರ ಮನೆಯಲ್ಲೂ ಬಾಡಿನ ಸಾರು. ಒಂದೊಂದು ಸಲ ಬಾಡು ಮಿಗುತ್ತದೆ. ಹಿಂದೆ ಮನೆಗಳಲ್ಲಿ ಫ್ರಿಜ್ ಇರಲಿಲ್ಲ. ಮಿಕ್ಕ ಬಾಡನ್ನು ಉದ್ದುದ್ದ ಕೊಯ್ದು, ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದರು. ಈಗಲೂ ಕಟ್ಟುವವರಿದ್ದಾರೆ. ಕೆಲವರು ಇದನ್ನು ಕೊರಬಾಡು ಅಂತಾರೆ. ತೆಲುಗು ಮಾತಾಡುವ ಮನೆಗಳಲ್ಲಿ ಉಪ್ಪುಕಂಡ ಅಂತಾರೆ.

ಮೀನಿನ ಕಥೆಯೂ ಹೀಗೇ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಕಡಲಿಲ್ಲ. ಕಡಲಿನ ಮೀನು ದೂರದಿಂದ ಬರಬೇಕು. ಕೆಡದೆ ಬರಬೇಕಾದರೆ ಉಪ್ಪು ಹಾಕಿ ಒಣಗಿಸಬೇಕು. ಚಿಂತಾಮಣಿಯಲ್ಲಿ ಕೊಳ್ಳಿ, ಗೌರಿಬಿದನೂರಿನಲ್ಲಿ ಕೊಳ್ಳಿ, ಒಣಮೀನಿನ ಮೈಮೇಲೆ ಬಿಳಿ ಪುಡಿ ಕಾಣುತ್ತದೆ. ಅದು ಉಪ್ಪು.

ಉಪ್ಪು ಹೇಗೆ ಕಾಪಾಡುತ್ತದೆ? ಮಾಂಸ ಕೆಡುವುದು ಕಣ್ಣಿಗೆ ಕಾಣದ ಸಣ್ಣ ಜೀವಿಗಳಿಂದ. ಅವು ಬೆಳೆಯಲು ನೀರು ಬೇಕು. ಉಪ್ಪು ಮಾಂಸದ ನೀರನ್ನು ಹೊರಗೆಳೆಯುತ್ತದೆ. ಬಿಸಿಲು ಆ ನೀರನ್ನು ಆರಿಸುತ್ತದೆ. ನೀರಿಲ್ಲದ ಕಡೆ ಆ ಜೀವಿಗಳು ಬೆಳೆಯಲಾರವು. ಇದು ನಮ್ಮ ಹಿರಿಯರ ಜಾಣತನ.

ಒಂದು ಲೆಕ್ಕ ಮಾಡೋಣ

ನೀವು 1 ಕಿಲೋ ಬಾಡಿಗೆ 50 ಗ್ರಾಂ ಉಪ್ಪು ಹಚ್ಚಿದಿರಿ ಅನ್ನಿ. ಒಣಗಿದ ಮೇಲೆ ತೂಕ 400 ಗ್ರಾಂಗೆ ಇಳಿಯಿತು ಅನ್ನಿ. ಕಮ್ಮಿಯಾದದ್ದು ಏನು? ನೀರು. ಉಪ್ಪು ಎಲ್ಲಿಗೂ ಹೋಗಲಿಲ್ಲ. 50 ಗ್ರಾಂ ಹಾಗೇ ಇದೆ.

ಅಂದರೆ 100 ಗ್ರಾಂ ಒಣಬಾಡಿನಲ್ಲಿ ಹನ್ನೆರಡೂವರೆ ಗ್ರಾಂ ಉಪ್ಪು. ಅದೇ 100 ಗ್ರಾಂ ಹಸಿ ಬಾಡಿನಲ್ಲಿ ತಾನಾಗಿ ಇರುವುದು ಕಾಲು ಗ್ರಾಂ ಉಪ್ಪಿಗಿಂತಲೂ ಕಡಿಮೆ.

ಒಬ್ಬ ದೊಡ್ಡವರಿಗೆ ದಿನಕ್ಕೆ ಎಷ್ಟು ಉಪ್ಪು ಸಾಕು? 5 ಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5 ಗ್ರಾಂ ಅಂದರೆ ಒಂದು ಸಣ್ಣ ಟೀ ಚಮಚದಷ್ಟು. ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ, ಎಲ್ಲ ಸೇರಿ ಇಷ್ಟೇ. ಮಕ್ಕಳಿಗೆ ಇನ್ನೂ ಕಡಿಮೆ.

ನಾವು ತಿನ್ನುತ್ತಿರುವುದು ಎಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಒಂದು ಕೇಂದ್ರ ಬೆಂಗಳೂರಿನಲ್ಲಿದೆ. ಅದು 2017-18ರಲ್ಲಿ ದೇಶದಲ್ಲಿ ಸಮೀಕ್ಷೆ ನಡೆಸಿತು. ನಮ್ಮ ದೇಶದ ದೊಡ್ಡವರು ಸರಾಸರಿ ದಿನಕ್ಕೆ 8 ಗ್ರಾಂ ಉಪ್ಪು ತಿನ್ನುತ್ತಾರೆ ಎಂದು ಗೊತ್ತಾಯಿತು. ಬೇಕಾದ್ದಕ್ಕಿಂತ 3 ಗ್ರಾಂ ಜಾಸ್ತಿ.

ಜಾಸ್ತಿ ಉಪ್ಪು ಏನು ಮಾಡುತ್ತದೆ?

ಉಪ್ಪಿನಲ್ಲಿ ಸೋಡಿಯಂ ಎಂಬ ಅಂಶ ಇದೆ. ಮೈಗೆ ಅದು ಸ್ವಲ್ಪ ಬೇಕು. ಜಾಸ್ತಿಯಾದರೆ ಅದು ನೀರನ್ನು ಹಿಡಿದಿಡುತ್ತದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರಲ್ಲ, ಹಾಗೆ. ಆ ನೀರು ರಕ್ತಕ್ಕೆ ಸೇರುತ್ತದೆ. ರಕ್ತನಾಳಗಳ ಮೇಲೆ ಒತ್ತಡ ಏರುತ್ತದೆ. ಇದೇ ಬಿ.ಪಿ.

ತೋಟದ ಡ್ರಿಪ್ ಪೈಪು ನೋಡಿದ್ದೀರಿ. ಮೋಟಾರು ಜೋರಾಗಿ ನೀರು ನೂಕಿದರೆ ಏನಾಗುತ್ತದೆ? ಪೈಪು ಉಬ್ಬುತ್ತದೆ. ಜಾಯಿಂಟು ಕಿತ್ತುಬರುತ್ತದೆ. ಮೈಯೊಳಗಿನ ರಕ್ತನಾಳವೂ ಹಾಗೇ. ವರ್ಷಗಟ್ಟಲೆ ಒತ್ತಡ ತಡೆದು ತಡೆದು ಸೋಲುತ್ತದೆ. ಮೆದುಳಿನಲ್ಲಿ ಸೋತರೆ ಲಕ್ವ ಹೊಡೆಯುತ್ತದೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.

ಬಿ.ಪಿ. ಇದ್ದರೂ ಎಷ್ಟೋ ಜನಕ್ಕೆ ನೋವಿಲ್ಲ, ಜ್ವರವಿಲ್ಲ. ಹಾಗಾಗಿ ಗೊತ್ತೇ ಆಗುವುದಿಲ್ಲ. ಅಳತೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ. 120, 80ರ ಹತ್ತಿರ ಇದ್ದರೆ ಸರಿ. ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ, ಮತ್ತೆ ಮತ್ತೆ ಹಾಗೇ ಬಂದರೆ, ಅದು ಬಿ.ಪಿ. ಕಾಯಿಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಣ ಕೊಡದೆ ನೋಡಿಸಬಹುದು. 30 ವರ್ಷ ದಾಟಿದ ಎಲ್ಲರೂ ನೋಡಿಸಬೇಕು. ಬಸುರಿಯರಂತೂ ತಪಾಸಣೆಗೆ ಹೋದಾಗಲೆಲ್ಲ ನೋಡಿಸಲೇಬೇಕು. ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.

ತಳದ ಸಾರು ಯಾರಿಗೆ?

ಒಣಬಾಡನ್ನು ಬೇಯಿಸಿದಾಗ ಅದರ ಉಪ್ಪು ಸಾರಿಗೆ ಇಳಿಯುತ್ತದೆ. ತುಂಡುಗಳು ಗಂಡಸರ ತಟ್ಟೆಗೆ, ಮಕ್ಕಳ ತಟ್ಟೆಗೆ ಹೋಗುತ್ತವೆ. ಕೊನೆಗೆ ಉಣ್ಣುವವರು ನಾವು. ನಮಗೆ ಉಳಿಯುವುದು ತಳದ ಗಟ್ಟಿ ಸಾರು. ಅದರಲ್ಲಿ ಮುದ್ದೆ ಅದ್ದಿ ಉಣ್ಣುತ್ತೇವೆ. ಮಿಕ್ಕಿದ್ದನ್ನು ಮಾರನೆಯ ದಿನ ಮತ್ತೆ ಕುದಿಸುತ್ತೇವೆ. ಕುದಿಸಿದಷ್ಟೂ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಎರಡನೆಯ ದಿನದ ಸಾರು ಮೊದಲ ದಿನದ್ದಕ್ಕಿಂತ ಉಪ್ಪು.

ಬಾಡು ಕಮ್ಮಿ, ಉಪ್ಪು ಜಾಸ್ತಿ. ಹೀಗೆ ಪಾಲಾಗುವುದು ಸರಿಯೇ? ಎಲ್ಲರೂ ಒಟ್ಟಿಗೆ ಕೂತು, ತುಂಡನ್ನೂ ಸಾರನ್ನೂ ಹಂಚಿಕೊಂಡು ಉಂಡರೆ ಆಗದೇ?

"ಹೊಲದಲ್ಲಿ ಬೆವರುತ್ತೇವೆ, ನಮಗೆ ಉಪ್ಪು ಬೇಡವೇ?" ಅಂತ ಕೇಳಬಹುದು. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಮುಂದೆ ಕೂತು ರೇಷ್ಮೆ ನೂಲು ತೆಗೆಯುವವರೂ ಕೇಳಬಹುದು. ಉಪ್ಪು ಬೇಕು. ಆದರೆ ದಿನದ ಊಟದಲ್ಲೇ ಅದು ಸಿಗುತ್ತದೆ. ಬೆವರಿದಾಗ ಮುಖ್ಯವಾಗಿ ಬೇಕಾದದ್ದು ನೀರು.

ಪ್ಯಾಕೆಟ್ಟಿನ ಮೇಲಿನ ಅಂಕಿ

ಈಗ ಪೇಟೆಯಲ್ಲಿ ಪ್ಯಾಕೆಟ್ಟಿನ ಮಾಂಸ ಬಂದಿದೆ. ಸಾಸೇಜು, ಸಲಾಮಿ, ಚಿಕನ್ ನಗೆಟ್ಸು. ಮಕ್ಕಳು ಆಸೆಪಡುತ್ತಾರೆ. ಇವುಗಳಲ್ಲೂ ಉಪ್ಪು ಸೇರಿಸಿರುತ್ತಾರೆ. ರುಚಿಗೆ, ಕೆಡದಿರುವುದಕ್ಕೆ, ಅರೆದ ಮಾಂಸ ಅಂಟಿಕೊಳ್ಳುವುದಕ್ಕೆ. ಮಸಾಲೆಯ ಜೊತೆ ಬೆರೆತಿರುವುದರಿಂದ ನಾಲಿಗೆಗೆ ಅಷ್ಟು ಉಪ್ಪೆನಿಸುವುದಿಲ್ಲ.

ಪ್ಯಾಕೆಟ್ಟಿನ ಮೇಲೆ ಸೋಡಿಯಂ ಎಷ್ಟಿದೆ ಎಂದು ಅಚ್ಚು ಹಾಕಬೇಕು. ಇದು 2020ರ ಆಹಾರ ಸುರಕ್ಷತಾ ನಿಯಮ. ಹೆಚ್ಚಾಗಿ ಅದು ಇಂಗ್ಲಿಷಿನಲ್ಲಿರುತ್ತದೆ. ಸೋಡಿಯಂ ಎಂಬ ಪದ ಎಲ್ಲಿದೆ ಅಂತ ಶಾಲೆಗೆ ಹೋಗುವ ಮಕ್ಕಳನ್ನು ಕೇಳಿ. ಮುಂದಿನ ಅಂಕಿಯನ್ನು ನೀವೇ ಓದಿ. ಅದು ಮಿಲಿಗ್ರಾಂ ಲೆಕ್ಕ.

400 ಸೋಡಿಯಂ ಅಂದರೆ 1 ಗ್ರಾಂ ಉಪ್ಪು.
800 ಸೋಡಿಯಂ ಅಂದರೆ 2 ಗ್ರಾಂ ಉಪ್ಪು.
2000 ಸೋಡಿಯಂ ಅಂದರೆ 5 ಗ್ರಾಂ ಉಪ್ಪು. ದಿನದ ಪಾಲು ಅಲ್ಲಿಗೆ ಮುಗಿಯಿತು.

100 ಗ್ರಾಂ ಸಾಸೇಜಿನಲ್ಲಿ ಸುಮಾರು 2 ಗ್ರಾಂ ಉಪ್ಪು ಇರುವುದು ಸಾಮಾನ್ಯ. ಪಟ್ಟಿಯಲ್ಲಿರುವುದು ಎಷ್ಟು ಗ್ರಾಂ ಮಾಂಸದ ಲೆಕ್ಕ ಅಂತಲೂ ನೋಡಿ.

ತಿನ್ನುವುದು ಬಿಡಬೇಕಾ?

ಬಿಡಬೇಕಾಗಿಲ್ಲ. ಒಣಮೀನು, ಒಣಬಾಡು ಮೈಗೆ ಬಲ ಕೊಡುವ ಆಹಾರ. ಅಪರೂಪಕ್ಕೆ ಮಾಡಿ, ಹೀಗೆ ಮಾಡಿ:

1. ಒಣಗಿಸುವಾಗ ಉಪ್ಪು ಕಮ್ಮಿ ಮಾಡಬೇಡಿ. ಬಾಡು ಕೆಡುತ್ತದೆ. ಉಪ್ಪು ತೆಗೆಯಬೇಕಾದ್ದು ಅಡುಗೆ ಮಾಡುವಾಗ.

2. ಒಣಮೀನನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಆ ನೀರು ಚೆಲ್ಲಿ. ಇನ್ನೊಂದು ಸಲ ಹಾಗೇ ಮಾಡಿ. ಒಣಬಾಡನ್ನು ನೆನೆಹಾಕಿ, ಒಂದು ಕುದಿ ಕುದಿಸಿ, ಆ ಮೊದಲ ನೀರನ್ನು ಬಸಿದುಬಿಡಿ. ಉಪ್ಪು ಪೂರ್ತಿ ಹೋಗುವುದಿಲ್ಲ, ಒಂದಷ್ಟು ಹೋಗುತ್ತದೆ.

3. ಸಾರಿಗೆ ಮೊದಲೇ ಉಪ್ಪು ಹಾಕಬೇಡಿ. ಬೆಂದ ಮೇಲೆ ರುಚಿ ನೋಡಿ. ಎಷ್ಟೋ ಸಲ ಬೇಕಾಗುವುದೇ ಇಲ್ಲ.

4. ಬದನೆಕಾಯಿ, ಆಲೂಗಡ್ಡೆ ಸೇರಿಸಿ. ರುಚಿಗೆ ಹುಣಸೆಹಣ್ಣು, ಟೊಮೇಟೊ, ಬೆಳ್ಳುಳ್ಳಿ, ಮೆಣಸು ಹಾಕಿ.

5. ಆ ದಿನ ಉಪ್ಪಿನಕಾಯಿ, ಹಪ್ಪಳ ಬೇಡ. ಮುದ್ದೆಗೆ, ಅನ್ನಕ್ಕೆ ಉಪ್ಪು ಹಾಕಬೇಡಿ.

6. ಬಿ.ಪಿ. ಇರುವವರು ಇವನ್ನು ಆದಷ್ಟು ದೂರ ಇಡಿ. ಉಪ್ಪು ಕಮ್ಮಿ ಮಾಡಿದೆವು ಅಂತ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ.

ಕಲ್ಲುಪ್ಪು, ಸೈಂಧವ ಉಪ್ಪು ತಿಂದರೆ ಬಿ.ಪಿ. ಬರುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಅವುಗಳಲ್ಲೂ ಸೋಡಿಯಂ ಇದೆ. ಅಯೋಡಿನ್ ಉಪ್ಪನ್ನೇ ಬಳಸಿ. ಕಮ್ಮಿ ಬಳಸಿ.

ತಾರೀಕು ಬರೆದಿಡಿ

ನಿಮ್ಮ ಮನೆಯಲ್ಲಿ ಎಷ್ಟು ಉಪ್ಪು ಖರ್ಚಾಗುತ್ತಿದೆ? ತಿಳಿಯುವುದು ಸುಲಭ. 1 ಕಿಲೋ ಉಪ್ಪಿನ ಪ್ಯಾಕೆಟ್ಟು ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಮುಗಿದ ದಿನವನ್ನೂ ಬರೆಯಿರಿ.

ಮನೆಯಲ್ಲಿ 4 ಜನ ದೊಡ್ಡವರಿದ್ದರೆ ದಿನಕ್ಕೆ 20 ಗ್ರಾಂ. ಆ ಲೆಕ್ಕದಲ್ಲಿ 1 ಕಿಲೋ ಉಪ್ಪು 50 ದಿನ ಬರಬೇಕು. ನಿಮ್ಮ ಮನೆಯಲ್ಲಿ 30 ದಿನಕ್ಕೇ ಮುಗಿಯಿತೇ? ಹಾಗಾದರೆ ಉಪ್ಪು ಜಾಸ್ತಿ ಆಗಿದೆ. ಉಪ್ಪಿನಕಾಯಿಗೆ, ಬಾಡು ಒಣಗಿಸಲು ಬಳಸಿದ್ದನ್ನು ಬೇರೆ ಬರೆದಿಡಿ. ಅಂಗಡಿಯಿಂದ ತಂದ ಒಣಮೀನಿನ ಉಪ್ಪು, ಪ್ಯಾಕೆಟ್ಟಿನ ಮಾಂಸದ ಉಪ್ಪು ಈ ಲೆಕ್ಕದಲ್ಲಿ ಸೇರಿಲ್ಲ. ಅದೂ ಕೂಡುತ್ತದೆ.

ಓದಿದಿರಿ, ಈಗ ಮಾತಾಡಿ

ನಿಮ್ಮ ಗುಂಪಿನಲ್ಲಿ ಬಿ.ಪಿ. ನೋಡಿಸಿದವರು ಎಷ್ಟು ಜನ? ಅವರಿಗೆ ತಮ್ಮ ಅಂಕಿ ನೆನಪಿದೆಯೇ?

ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಗೆ ಏನು ಬೀಳುತ್ತದೆ?

ನಿಮ್ಮ ಮನೆಯ ಉಪ್ಪಿನ ಪ್ಯಾಕೆಟ್ಟು ಎಷ್ಟು ದಿನ ಬಂತು? ಮುಂದಿನ ಸಲ ಸೇರಿದಾಗ ಬರೆದು ತನ್ನಿ.