ಹಂಡೆ ಒಲೆಯಲ್ಲೇ ಇದೆ ಕಂಟ್ರೋಲ್ ಸಿಸ್ಟಮ್

ಹಾಸನವನ್ನು ‘ಬಡವರ ಊಟಿ’ ಎನ್ನುತ್ತಾರೆ. ಡಿಸೆಂಬರ್ ಬೆಳಿಗ್ಗೆ ಇಲ್ಲಿ ತಣ್ಣೀರು ಸ್ನಾನ ಮಾಡುವವರು ಅಪರೂಪ. ಅರಕಲಗೂಡು ಕಡೆಯ ಹಳ್ಳಿಮನೆಯಲ್ಲಿ ಹಂಡೆ ಒಲೆ, ಹಾಸನದ ಬಾಡಿಗೆ ರೂಮಿನಲ್ಲಿ ಗೀಸರ್, ಚನ್ನರಾಯಪಟ್ಟಣದ ತಾರಸಿ ಮೇಲೆ ಸೋಲಾರ್. ಬಿಸಿನೀರಿಗೆ ದಾರಿ ಹಲವು. ಆದರೆ ಇದೇ ಊರುಗಳಿಂದ ಎಂಜಿನಿಯರಿಂಗ್, ಡಿಪ್ಲೊಮಾ ಓದಲು ಬರುವ ನಾವು ಸೆಟ್‌ಪಾಯಿಂಟ್, ಫೀಡ್‌ಬ್ಯಾಕ್, ಆ್ಯಕ್ಚುಯೇಟರ್ ಎಂಬ ಪದಗಳು ಎದುರಾದರೆ ತಡವರಿಸುತ್ತೇವೆ. ವಸ್ತು ಗೊತ್ತು, ಹೆಸರು ಗೊತ್ತಿಲ್ಲ. ಕೆಲಸದ ಸಂದರ್ಶನದಲ್ಲಿ ಬಾಯಿ ಕಟ್ಟುವುದು ಇಲ್ಲಿಯೇ.

ಅಜ್ಜಿಯೇ ಕಂಟ್ರೋಲರ್

ಹಂಡೆ ಒಲೆಯ ಮುಂದೆ ಕೂತ ಅಜ್ಜಿಯನ್ನು ನೆನೆಸಿಕೊಳ್ಳಿ. ನೀರಿಗೆ ಅದ್ದುವ ಅವರ ಬೆರಳೇ ಸೆನ್ಸರ್. ಇಷ್ಟು ಬಿಸಿ ಇರಬೇಕು ಎಂದು ಮನಸ್ಸಿನಲ್ಲಿರುವ ಹದವೇ ಸೆಟ್‌ಪಾಯಿಂಟ್. ಸಾಕೋ ಸಾಲದೋ ಎಂದು ತೀರ್ಮಾನಿಸುವ ಅಜ್ಜಿಯೇ ಕಂಟ್ರೋಲರ್. ಸೌದೆಯನ್ನು ಒಳಕ್ಕೆ ತಳ್ಳುವ, ಈಚೆಗೆ ಎಳೆಯುವ ಕೈ ಆ್ಯಕ್ಚುಯೇಟರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬೆರಳದ್ದುವುದು ಫೀಡ್‌ಬ್ಯಾಕ್. ಈ ಸುತ್ತು ಪೂರ್ಣವಾದರೆ ಕ್ಲೋಸ್ಡ್ ಲೂಪ್. ಬಕೆಟ್‌ಗೆ ಕಾಯಿಲ್ ಹಾಕಿ ಸ್ವಿಚ್ ಒತ್ತಿ ಹೋದರೆ ನೀರು ಕುದಿದರೂ ಅದಕ್ಕೆ ತಿಳಿಯದು. ಅದು ಓಪನ್ ಲೂಪ್.

ಗೀಸರ್‌ನಲ್ಲಿ ಅಜ್ಜಿಯ ಕೆಲಸವನ್ನು ಥರ್ಮೋಸ್ಟ್ಯಾಟ್ ಮಾಡುತ್ತದೆ. 60 ಡಿಗ್ರಿ ತಲುಪಿದಾಗ ಆಫ್ ಆಗುತ್ತದೆ ಎನ್ನಿ. 59ಕ್ಕೆ ಇಳಿದ ಕೂಡಲೇ ಮತ್ತೆ ಆನ್ ಆದರೆ ಸ್ವಿಚ್ ಬೇಗ ಸವೆಯುತ್ತದೆ. ಹಾಗಾಗಿ 55ರವರೆಗೆ ಇಳಿಯಲು ಬಿಡುತ್ತದೆ. ನಡುವಿನ ಈ ಅಂತರವೇ ಡೆಡ್‌ಬ್ಯಾಂಡ್.

ಇನ್ನೊಂದು ಪದ ಥರ್ಮಲ್ ಕಟೌಟ್. ಸರ್ಕಲ್‌ನಲ್ಲಿ ನಿಲ್ಲಿಸುವ ಕಟೌಟ್ ಅಲ್ಲ! ಥರ್ಮೋಸ್ಟ್ಯಾಟ್ ಕೆಟ್ಟು ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯುವ ಸಾಧನ ಇದು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ತಪ್ಪಿಸಿ ನೇರ ವೈರ್ ಕೊಡಿಸುವುದು ಪ್ರಾಣಕ್ಕೆ ಅಪಾಯ. ಪದದ ಅರ್ಥ ತಿಳಿದವರು ಹಾಗೆ ಮಾಡಲು ಬಿಡುವುದಿಲ್ಲ.

ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ

ಕಿಲೋವ್ಯಾಟ್ ಎಂದರೆ ನಲ್ಲಿಯಲ್ಲಿ ನೀರು ಬರುವ ವೇಗದಂತೆ. ಯೂನಿಟ್ ಎಂದರೆ ಬಿಂದಿಗೆಯಲ್ಲಿ ತುಂಬಿದ ನೀರಿನಂತೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.7 ಯೂನಿಟ್, ಅಂದರೆ 21 ನಿಮಿಷ ಸಾಕು. ಲೆಕ್ಕ ಮಾಡಿ ನೋಡಿ, ಪಿಯುಸಿ ಭೌತಶಾಸ್ತ್ರವೇ.

ತಂಪಿಗೂ ಇದೇ ಸೂತ್ರ. ಹೊಳೆನರಸೀಪುರದ ಕಡೆ ಹಾಲಿನ ಡೇರಿಯ ಬಲ್ಕ್ ಕೂಲರ್‌ಗೆ 4 ಡಿಗ್ರಿ ಸೆಟ್‌ಪಾಯಿಂಟ್. ಬಿತ್ತನೆ ಆಲೂಗಡ್ಡೆಯ ಶೀತಲಗೃಹಕ್ಕೆ 2ರಿಂದ 4 ಡಿಗ್ರಿ. ಇಲ್ಲಿ ಕೇಳಿಬರುವ ‘ಟನ್’ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ಪ್ರಮಾಣ ಅದು, ಸುಮಾರು 3.5 ಕಿಲೋವ್ಯಾಟ್. ಮಂಜುಗಡ್ಡೆಯಿಂದಲೇ ತಂಪು ಪಡೆಯುತ್ತಿದ್ದ ಕಾಲದ ಪದ ಹಾಗೆಯೇ ಉಳಿದಿದೆ.

ದೊಡ್ಡ ಕಟ್ಟಡ, ಅದೇ ತತ್ವ

ಬೆಂಗಳೂರಿನ ಟೆಕ್ ಪಾರ್ಕ್, ಆಸ್ಪತ್ರೆ, ಹೋಟೆಲ್‌ಗಳಲ್ಲಿ ಕೆಲಸಕ್ಕೆ ಹೋದರೆ ಬಿಎಂಎಸ್ ಎಂಬ ಪದ ಎದುರಾಗುತ್ತದೆ. ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂದರೆ ನೂರಾರು ಸೆನ್ಸರ್‌ಗಳನ್ನು ಒಂದೇ ಪರದೆಯಲ್ಲಿ ನೋಡಿ ನಿಯಂತ್ರಿಸುವ ವ್ಯವಸ್ಥೆ. ಮತ್ತೊಂದು ವಿಎಫ್‌ಡಿ. ಇದು ಫ್ಯಾನ್, ಪಂಪ್‌ಗಳ ಮೋಟರ್ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸುತ್ತದೆ. ಫ್ಯಾನಿನ ವಿದ್ಯುತ್ ಬೇಡಿಕೆ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಶೇ 20ರಷ್ಟು ತಗ್ಗಿದರೆ ವಿದ್ಯುತ್ ಬೇಡಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸೆಟ್‌ಪಾಯಿಂಟ್‌ಗೆ ಸರ್ಕಾರವೂ ಮಹತ್ವ ಕೊಟ್ಟಿದೆ: 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಇರುವ ಕೊಠಡಿ ಎ.ಸಿ.ಗಳ ಡಿಫಾಲ್ಟ್ ಉಷ್ಣಾಂಶ 24 ಡಿಗ್ರಿ.

ಹಾಗಾದರೆ ಪದ ಕಲಿಯುವುದು ಹೇಗೆ? ಬಾಯಿಪಾಠ ಬೇಡ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಪದ, ಅದು ಮಾಡುವ ಕೆಲಸ, ನಮ್ಮೂರಲ್ಲಿ ಅದನ್ನು ಕಂಡ ಜಾಗ. ಮೂರನೇ ಕಾಲಂ ತುಂಬಿದ ಪದ ಮರೆಯುವುದಿಲ್ಲ. ಸಂದರ್ಶನದಲ್ಲಿ ಇಂಗ್ಲಿಷ್ ವಾಕ್ಯ ಅಲ್ಪಸ್ವಲ್ಪ ತೊಡರಿದರೂ ಪರವಾಗಿಲ್ಲ. ಡೇರಿಯ ಕೂಲರ್ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳಬಲ್ಲವರಿಗೆ ವಿಷಯ ಗೊತ್ತಿದೆ ಎಂಬುದು ಕೇಳುವವರಿಗೆ ತಿಳಿದೇ ತಿಳಿಯುತ್ತದೆ.