ತಾತನ ದನಿ ಎಲ್ಲಿ ಹೋಯಿತು?

ನಮ್ಮ ಮನೆಯಲ್ಲೊಂದು ಡಿವಿಡಿ ಇದೆ. ಮಾವನವರ ಅರವತ್ತರ ಶಾಂತಿಯ ದಿನ ತೆಗೆಸಿದ್ದು. ಅವರ ಮಾತು, ನಗು ಈಗ ಉಳಿದಿರುವುದು ಅದೊಂದರಲ್ಲೇ. ಪ್ರತಿವರ್ಷ ಅವರ ತಿಥಿಯ ಸಂಜೆ, ಕೆಲಸವೆಲ್ಲ ಮುಗಿದ ಮೇಲೆ, ಅತ್ತೆ ಅದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಸಿಕೊಂಡು ನೋಡುತ್ತಾರೆ.

2020ರಲ್ಲಿ ಎಡವಟ್ಟು ಮಾಡಿದವಳು ನಾನೇ. ಆ ವರ್ಷ ಜನವರಿ 14ರಂದು ವಿಂಡೋಸ್ 7ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್ ನಿಂತಿತು. ಬ್ಯಾಂಕಿನ ಕೆಲಸಕ್ಕೂ ಅದೇ ಲ್ಯಾಪ್‌ಟಾಪ್ ಬಳಸುತ್ತಿದ್ದೆವಲ್ಲ, ತಿಥಿಗೆ ಎರಡು ದಿನ ಮುಂಚೆ ವಿಂಡೋಸ್ 10 ಹಾಕಿದೆ. ಫೋಟೊ, ಕಾಗದಪತ್ರ ಎಲ್ಲ ಸರಿಯಾಗಿದ್ದವು. ಡಿವಿಡಿಯನ್ನು ಮಾತ್ರ ಹಾಕಿ ನೋಡಲಿಲ್ಲ.

ಸಂಜೆ ಹಾಕಿದರೆ ಚಿತ್ರವೂ ಇಲ್ಲ, ಸದ್ದೂ ಇಲ್ಲ. ಡಿಕೋಡರ್ ಇಲ್ಲವೆಂಬ ಸಂದೇಶ ಅಷ್ಟೆ. ಪರಿಚಯದ ರಿಪೇರಿಯವರಿಗೆ ಫೋನ್ ಮಾಡಿದರೆ, “ಡಿಸ್ಕ್ ಹೋಗಿರುತ್ತೆ ಮೇಡಂ” ಅಂದರು.

“ಹೋಗ್ಲಿ ಬಿಡಮ್ಮಾ, ಹಳೇದು,” ಎಂದು ಅತ್ತೆ ಎದ್ದು ಒಳಗೆ ಹೋದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಆರನೇ ತರಗತಿಯ ಮಗಳು ಒಪ್ಪಲಿಲ್ಲ. “ಮಹಡಿ ಮನೆ ಆಂಟಿ ಕಂಪ್ಯೂಟರಲ್ಲಿ ಇನ್ನೂ ವಿಂಡೋಸ್ 7 ಇದೆ. ಅಲ್ಲಿ ಹಾಕಿ ನೋಡೋಣಮ್ಮ.” ಹಾಕಿದೆವು. ತಾತ ಬಂದರು! ಆದರೆ ಮಂಡಿನೋವಿನ ಅತ್ತೆ ಮೆಟ್ಟಿಲು ಹತ್ತಲಾರರು.

ಒಂದಂತೂ ಖಾತ್ರಿಯಾಯಿತು. ಡಿಸ್ಕ್ ಸರಿಯಿದೆ, ನಮ್ಮ ಲ್ಯಾಪ್‌ಟಾಪಿಗೆ ಅದನ್ನು ಓದಲು ಬರುತ್ತಿಲ್ಲ. ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಮೋಡಿ ಲಿಪಿಯ ಪತ್ರಗಳಿರುತ್ತವೆ. ನಮಗೆ ಓದಲು ಬಾರದು ಎಂದಮಾತ್ರಕ್ಕೆ ಪತ್ರ ಹಾಳಾಗಿದೆ ಎನ್ನಲಾದೀತೇ?

ಆಗ ತಿಳಿದದ್ದು ಇಷ್ಟು. ವಿಡಿಯೊವನ್ನು ಕುಗ್ಗಿಸದೆ ತುಂಬಿದರೆ 4.7 ಜಿಬಿ ಡಿವಿಡಿ ಸುಮಾರು 5 ನಿಮಿಷಕ್ಕೇ ಭರ್ತಿಯಾಗುತ್ತದೆ. ಎಂಪೆಗ್-2 ಎಂಬ ವಿಧಾನದಲ್ಲಿ ಮಡಿಸಿ ಇಟ್ಟರೆ 2 ಗಂಟೆಯಷ್ಟು ಹಿಡಿಸುತ್ತದೆ. ಆ ಮಡಿಕೆ ಬಿಚ್ಚುವ ತಂತ್ರಾಂಶವೇ ಡಿಕೋಡರ್. ಅದಕ್ಕೆ ಪರವಾನಗಿ ಶುಲ್ಕವಿತ್ತು. ಡಿವಿಡಿ ಡ್ರೈವ್ ಇಲ್ಲದ ಕಂಪ್ಯೂಟರುಗಳೂ ಹೆಚ್ಚುತ್ತಿದ್ದವು. ಹಾಗಾಗಿ 2012ರ ವಿಂಡೋಸ್ 8ರಿಂದಲೇ ಡಿವಿಡಿ ಓಡಿಸುವ ಸೌಲಭ್ಯವನ್ನು ಜೊತೆಗೆ ಕೊಡುವುದನ್ನು ಬಿಟ್ಟಿದ್ದರು.

ಮದ್ದು ಸುಲಭವಿತ್ತು. ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಇದೆ. ಫ್ರಾನ್ಸಿನ ಕಾಲೇಜು ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಕೆಲಸದಿಂದ ಹುಟ್ಟಿದ್ದು. ಡಿಕೋಡರುಗಳು ಅದರೊಳಗೇ ಇರುತ್ತವೆ. ಅದರ ಅಧಿಕೃತ ತಾಣದಿಂದ ಇಳಿಸಿಕೊಂಡು, ‘ಮೀಡಿಯಾ’ ಮೆನುವಿನ ‘ಓಪನ್ ಡಿಸ್ಕ್’ ಒತ್ತಿದೆವು. ತಾತ ಬಂದರು, ಆದರೆ ತಡವರಿಸಿ ತಡವರಿಸಿ! ‘ಡಿವೈಸ್ ಮ್ಯಾನೇಜರ್’ ತೆರೆದರೆ, ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗೆ ‘ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿತ್ತು. ಅಂದರೆ ಲ್ಯಾಪ್‌ಟಾಪಿಗೆ ತಕ್ಕ ಡ್ರೈವರ್ ಬಿಟ್ಟು ಸಾಮಾನ್ಯದ್ದೊಂದು ಕೂತಿತ್ತು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಸರಿಯಾದ ಡ್ರೈವರ್ ಹಾಕಿ, ಒಮ್ಮೆ ಆರಿಸಿ ಹಚ್ಚಿದೆವು. ತಡವರಿಕೆ ನಿಂತಿತು.

ನಿಮ್ಮ ಮನೆಯಲ್ಲೂ ಹೀಗಾದರೆ ಗಾಬರಿಯಿಂದ ಏನನ್ನೂ ಅಳಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಮೊದಲು ಅದೇ ವಿಡಿಯೊವನ್ನು ಬೇರೆ ಯಂತ್ರದಲ್ಲಿ ಹಾಕಿ ನೋಡಿ. ಅಲ್ಲಿ ಓಡಿದರೆ ಬೇರೆ ಪ್ಲೇಯರ್, ಆಮೇಲೆ ಡ್ರೈವರ್. ಸದ್ದು ಮಾತ್ರ ಇಲ್ಲದಿದ್ದರೆ ಗಡಿಯಾರದ ಪಕ್ಕದ ಸ್ಪೀಕರ್ ಗುರುತು ಒತ್ತಿ, ಸದ್ದು ಬೇರೆ ಕಡೆಗೆ ಹೋಗುತ್ತಿದೆಯೇ ನೋಡಿ. ‘ಈ ಕೊಡೆಕ್ ಹಾಕಿಕೊಳ್ಳಿ’ ಎಂದು ತಾನಾಗಿ ತೆರೆದುಕೊಳ್ಳುವ ಜಾಹೀರಾತನ್ನು ಮಾತ್ರ ಮುಟ್ಟಬೇಡಿ. ಅದರ ಹಿಂದೆ ವೈರಸ್ ಇರಬಹುದು. ಮುಖ್ಯವಾಗಿ, ವ್ಯವಸ್ಥೆ ಬದಲಿಸುವ ಮುನ್ನವೇ ಬೆಲೆಬಾಳುವ ವಿಡಿಯೊಗಳ ಪ್ರತಿಯನ್ನು ಬೇರೆಡೆ ಇಡಿ. ನಾವು ಮರುದಿನವೇ ಎರಡು ಪ್ರತಿ ಮಾಡಿದೆವು. ಒಂದು ನಮ್ಮ ಬೀರುವಿನಲ್ಲಿದೆ, ಇನ್ನೊಂದು ನಾದಿನಿಯ ಮನೆಯಲ್ಲಿ.

ಅಂದು ರಾತ್ರಿ ಒಂಬತ್ತೂವರೆಗೆ ಮಗಳು ಅಜ್ಜಿಯನ್ನು ಕೈಹಿಡಿದು ಕರೆತಂದಳು. ಪರದೆಯ ಮೇಲೆ ಮಾವ ಕೊರಳಿನ ಹಾರ ಸರಿಮಾಡಿಕೊಳ್ಳುತ್ತಾ, “ಕಾಫಿ ಆಯ್ತೇನೇ?” ಅಂದರು.

“ಬಂತು, ಬಂತು,” ಅಂದರು ಅತ್ತೆ, ಪ್ರತಿವರ್ಷದ ಹಾಗೆ.