ಎಸ್.ಎಸ್.ಡಿ.: ಬೆಲೆ ಮತ್ತು ವೇಗ



ನಮ್ಮಲ್ಲಿ ಅನೇಕರ ಮನೆಯಲ್ಲಿರುವುದು ಹಳೆಯ ಕಂಪ್ಯೂಟರು. ಗುಂಡಿಯನ್ನೊತ್ತಿದ ಮೇಲೆ ಅದು ಕೆಲಸಕ್ಕೆ ಅಣಿಯಾಗುವವರೆಗೆ ಬಹಳ ಹೊತ್ತು ಕಾದು ಕುಳಿತಿರಬೇಕು. ಹೊಸದನ್ನು ಕೊಳ್ಳುವಷ್ಟು ಅನುಕೂಲ ಎಲ್ಲರಿಗೂ ಇರುವುದಿಲ್ಲ. ಹೀಗಿರಲು, ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ.ಯನ್ನು ಜೋಡಿಸುವುದೇ ಕಡಿಮೆ ಖರ್ಚಿನ ಉಪಾಯ. ಆದರೆ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗೆ ಹೋದರೆ ಹತ್ತಾರು ಬಗೆ, ಹತ್ತಾರು ಬೆಲೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ವಿಚಾರ ಮಾಡೋಣ.

ಮೊದಲು ಇವೆರಡರ ಭೇದವನ್ನು ತಿಳಿಯಬೇಕು. ಹಾರ್ಡ್ ಡಿಸ್ಕು 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಸಾಧನದ ವಂಶಕ್ಕೆ ಸೇರಿದುದು. ಅದರೊಳಗೆ ಕಾಂತಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಬೇಕಾದ ಮಾಹಿತಿಯಿರುವ ಭಾಗವು ಓದುವ ತೋಳಿನ ಕೆಳಗೆ ಬರುವವರೆಗೆ ಯಂತ್ರವು ಕಾಯಬೇಕು. ತೋಳು ಸರಿಯುವ ಹೊತ್ತೂ ಸೇರಿದರೆ ಈ ಕಾಯುವಿಕೆ ಸುಮಾರು 10 ಮಿಲಿಸೆಕೆಂಡನ್ನು ಮೀರುತ್ತದೆ. ಎಸ್.ಎಸ್.ಡಿ.ಯಲ್ಲಾದರೋ ತಿರುಗುವ ಭಾಗವೇ ಇಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ ಅವರು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಚಿಪ್ಪುಗಳಲ್ಲಿ ಮಾಹಿತಿಯು ವಿದ್ಯುದಂಶದ ರೂಪದಲ್ಲಿ ನೆಲೆಸಿರುತ್ತದೆ. ಅದನ್ನು ಓದಲು 0.1 ಮಿಲಿಸೆಕೆಂಡಿನಷ್ಟು ಕಾಲ ಸಾಕು.

ಎಸ್.ಎಸ್.ಡಿ.ಯಲ್ಲಿಯೂ ಎರಡು ಮುಖ್ಯ ಬಗೆಗಳಿವೆ. ಸಾಟಾ ಮಾರ್ಗದ್ದು ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಬಲ್ಲುದು, ಎನ್.ವಿ.ಎಂ.ಇ. ಎಂಬುದು 3500, ಈಚಿನವು 7000 ಮೆಗಾಬೈಟನ್ನೂ ಮುಟ್ಟುತ್ತವೆ. ಹಾಗಾದರೆ ಎರಡನೆಯದು ಆರರಿಂದ ಹನ್ನೆರಡು ಪಟ್ಟು ಚುರುಕೆಂದು ಭಾವಿಸಬಹುದೆ? ಭಾವಿಸಲಾಗದು. ಪೆಟ್ಟಿಗೆಯ ಮೇಲೆ ಮುದ್ರಿತವಾದ ಆ ವೇಗವು ಒಂದೇ ದೊಡ್ಡ ಕಡತವನ್ನು ಎಡೆಬಿಡದೆ ಓದುವಾಗಿನದು. ಕಂಪ್ಯೂಟರು ಆರಂಭವಾಗುವಾಗ ಓದಬೇಕಾದುದು ಅಲ್ಲಲ್ಲಿ ಹರಡಿರುವ ಸಾವಿರಾರು ಸಣ್ಣ ತುಣುಕುಗಳನ್ನು. ದಾದರದಿಂದ ಬೋರಿವಲಿಗೆ ಹೊರಟ ಲೋಕಲ್ ಗಾಡಿಯು ಪ್ರತಿಯೊಂದು ನಿಲ್ದಾಣದಲ್ಲಿಯೂ ನಿಲ್ಲುವುದಾದರೆ, ಅದರ ಎಂಜಿನ್ನು ಎಷ್ಟು ವೇಗಶಾಲಿಯಾದರೇನು? ಸಣ್ಣ ತುಣುಕುಗಳನ್ನು ಒಂದಾದಮೇಲೊಂದರಂತೆ ಓದುವಾಗ ಹಾರ್ಡ್ ಡಿಸ್ಕು ಸೆಕೆಂಡಿಗೆ ನೂರರಷ್ಟನ್ನು ಓದಿದರೆ, ಸಾಟಾ ಎಸ್.ಎಸ್.ಡಿ. ಹಲವು ಸಾವಿರಗಳನ್ನು ಓದುತ್ತದೆ. ಎನ್.ವಿ.ಎಂ.ಇ. ಓದುವುದು ಅದರ ಒಂದೂವರೆ ಅಥವಾ ಎರಡು ಪಟ್ಟು ಮಾತ್ರ. ಆದುದರಿಂದ ದೊಡ್ಡ ನೆಗೆತವು ಡಿಸ್ಕಿನಿಂದ ಎಸ್.ಎಸ್.ಡಿ.ಗೆ ಬರುವಲ್ಲಿಯೇ ಇದೆ. ದೊಡ್ಡ ಚಲನಚಿತ್ರಗಳನ್ನು ಸಂಕಲನ ಮಾಡುವವರಿಗೆ ಎರಡನೆಯ ಬಗೆಯು ಉಪಯುಕ್ತ; ಪಾಠ, ಪ್ರಬಂಧ, ಲೆಕ್ಕಗಳಿಗೆ ಮೊದಲನೆಯದೇ ಧಾರಾಳವಾಗಿ ಸಾಕು.

ಇನ್ನು ಬೆಲೆಯ ವಿಚಾರ. ಒಟ್ಟು ಬೆಲೆಯನ್ನಲ್ಲ, ಒಂದು ಗಿಗಾಬೈಟಿಗೆ ಬೀಳುವ ಬೆಲೆಯನ್ನು ನೋಡಬೇಕು. 250 ಗಿಗಾಬೈಟಿನದಕ್ಕೆ 2000 ರೂಪಾಯಿ, 500 ಗಿಗಾಬೈಟಿನದಕ್ಕೆ 3000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದು ಗಿಗಾಬೈಟಿಗೆ 8 ರೂಪಾಯಿ, ಎರಡನೆಯದು 6 ರೂಪಾಯಿ ಆಯಿತು. ಆದರೂ ನಮಗೆ 250 ಸಾಕಾಗುವುದಾದರೆ, ಉಳಿದ ಸಾವಿರ ರೂಪಾಯಿಯೇ ನಮ್ಮ ಲಾಭ. ಬಹಳ ಅಗ್ಗದವುಗಳಲ್ಲಿ ಒಂದೊಂದು ಕೋಶದಲ್ಲಿ ನಾಲ್ಕು ಬಿಟ್‌ಗಳನ್ನು ತುಂಬಿರುವುದುಂಟು. ಅಂಥವುಗಳಲ್ಲಿ ದೊಡ್ಡ ಕಡತವನ್ನು ಬರೆಯುತ್ತ ಹೋದಂತೆ ವೇಗವು ಕುಸಿಯುತ್ತದೆ. ಬರೆದು ಅಳಿಸುವ ಬಾಳಿಕೆಯೂ ಕಡಿಮೆ. ಆದುದರಿಂದ ವಾರಂಟಿಯ ವರ್ಷಗಳನ್ನೂ ಕೇಳಿ ತಿಳಿಯಬೇಕು.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಹಳೆಯ ಯಂತ್ರಗಳಲ್ಲಿ ಎನ್.ವಿ.ಎಂ.ಇ.ಗೆ ಸ್ಥಳವೇ ಇಲ್ಲದಿರಬಹುದು. ಅದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಹಳೆಯ ಡಿಸ್ಕಿನಲ್ಲಿರುವ ಪಾಠಗಳನ್ನೂ ಮನೆಯವರ ಭಾವಚಿತ್ರಗಳನ್ನೂ ಬೇರೊಂದೆಡೆ ನಕಲು ಮಾಡಿಟ್ಟ ನಂತರವೇ ಬದಲಾವಣೆಗೆ ಕೈಹಾಕಬೇಕು. ತಂದೆತಾಯಿಗಳು ದುಡಿದು ತಂದ ಹಣವನ್ನು ವೆಚ್ಚ ಮಾಡುವಾಗ, ಶಾಲೆಯಲ್ಲಿ ಕಲಿತ ಭಾಗಾಕಾರವು ಅಂಗಡಿಯಲ್ಲಿಯೂ ನಮ್ಮ ನೆರವಿಗೆ ಬರಲಿ.